ಹೊಣೆ ಅಜ್ಜಿಗೆ, ಅಧಿಕಾರ ಯಾರಿಗೆ?

ಕರಾವಳಿಯ ಯಾವುದೇ ಪಟ್ಟಣದ ಶಾಲೆಯಲ್ಲಿ ಪೋಷಕರ ಸಭೆ ನಡೆಯುವ ದಿನ ಹೋಗಿ ನೋಡಿ. ತಂದೆ-ತಾಯಂದಿರಿಗೆಂದು ಹಾಕಿದ ಕುರ್ಚಿಗಳಲ್ಲಿ ಅರುವತ್ತು ದಾಟಿದ ಕೆಲವರಾದರೂ ಕುಳಿತಿರುತ್ತಾರೆ. ಮಂಡಿನೋವಿನಿಂದಾಗಿ ಮೆಟ್ಟಿಲು ಹತ್ತಲು ಕಷ್ಟಪಟ್ಟು ಬಂದ ಅಜ್ಜಿ, ಅಂಕಪಟ್ಟಿಯನ್ನು ದೂರ ಹಿಡಿದು ಕಣ್ಣು ಕಿರಿದುಗೊಳಿಸಿ ಓದುವ ಅಜ್ಜ. ಶಿಕ್ಷಕಿ ಹೇಳುವುದನ್ನೆಲ್ಲ ಅವರು ತಲೆಯಾಡಿಸುತ್ತಾ ಕೇಳುತ್ತಾರೆ. ಅರ್ಥವಾಯಿತೋ ಇಲ್ಲವೋ ಎಂದು ಯಾರೂ ವಿಚಾರಿಸುವುದಿಲ್ಲ. ಅದೇ ರಾತ್ರಿ ದಮ್ಮಾಮಿನಿಂದಲೋ ದುಬೈಯಿಂದಲೋ ಕರೆ ಬರುತ್ತದೆ. ಗಣಿತದಲ್ಲಿ ಅಂಕ ಕಡಿಮೆಯಾದುದೇಕೆ ಎಂಬ ಪ್ರಶ್ನೆಗೆ ಉತ್ತರಿಸಬೇಕಾದವರು ಅವರೇ.

ಭಟ್ಕಳ, ಉಡುಪಿ, ಉಳ್ಳಾಲ, ಪುತ್ತೂರುಗಳಲ್ಲಿ ಇಂಥ ಮನೆಗಳಿಗೆ ಮುಖ್ಯ ಕಾರಣ ಗಲ್ಫ್. ಒಳನಾಡಿನ ಪಟ್ಟಣಗಳಲ್ಲಿ ಕಾರಣಗಳು ಬೇರೆ. ತಲಾಖ್ ಆದ ಮಗಳಿಗೆ ಮರುಮದುವೆ ಮಾಡಿಸುವಾಗ ಹೊಸ ಅಳಿಯ ಮಗುವನ್ನು ಒಪ್ಪುವುದಿಲ್ಲ. ಮಗು ನಾನಿಯ ಮಡಿಲಿಗೆ ಬೀಳುತ್ತದೆ. ಮಗ ಅಪಘಾತದಲ್ಲಿ ತೀರಿಕೊಳ್ಳುತ್ತಾನೆ, ಸೊಸೆ ತವರಿಗೆ ಮರಳುತ್ತಾಳೆ, ಮಕ್ಕಳು ದಾದಾ-ದಾದಿಯ ಬಳಿ ಉಳಿಯುತ್ತಾರೆ. 2020 ಮತ್ತು 2021ರ ಕೋವಿಡ್ ದಿನಗಳು ಇಂಥ ಮನೆಗಳ ಸಂಖ್ಯೆಯನ್ನು ಇನ್ನಷ್ಟು ಹೆಚ್ಚಿಸಿದವು. ಬೆಂಗಳೂರಿನಲ್ಲಿ ದುಡಿಯುವ ದಂಪತಿಗಳು ಬಾಡಿಗೆ ಮತ್ತು ಶಿಶುಪಾಲನೆಯ ಖರ್ಚಿಗೆ ಹೆದರಿ ಮಗುವನ್ನು ಊರಿಗೆ ಕಳುಹಿಸುವುದೂ ಉಂಟು.

ಇಲ್ಲಿ ಒಂದು ವ್ಯತ್ಯಾಸವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಮೊಮ್ಮಗುವನ್ನು ಎತ್ತಿ ಆಡಿಸುವುದು ಬೇರೆ, ಮೊಮ್ಮಗುವನ್ನು ಸಾಕುವುದು ಬೇರೆ. ಮೊದಲನೆಯದು ಮುಪ್ಪಿನ ಅತಿ ದೊಡ್ಡ ಸಂತೋಷ. ಸಂಜೆ ಎರಡು ತಾಸು ಮೊಮ್ಮಗನ ಜೊತೆ ಕಳೆಯುವ ಅಜ್ಜನ ರಕ್ತದೊತ್ತಡ ಇಳಿಯುತ್ತದೆ ಎಂದು ಯಾರಾದರೂ ಹೇಳಿದರೆ ನಾವು ಅಲ್ಲಗಳೆಯಲಾರೆವು. ಆದರೆ ಸುಬ್‍ಹ್‍ಗಿಂತ ಮೊದಲೇ ಎದ್ದು ತಿಂಡಿ ಕಟ್ಟಿ, ಬಸ್ಸಿಗೆ ಬಿಟ್ಟು, ಮದ್ರಸಕ್ಕೆ ಕಳುಹಿಸಿ, ಜ್ವರ ಬಂದಾಗ ರಾತ್ರಿಯಿಡೀ ಕುಳಿತು, ಹದಿನಾಲ್ಕರ ಹುಡುಗ ಮನೆಗೆ ಬರುವುದು ತಡವಾದಾಗ ಬಾಗಿಲಲ್ಲಿ ಕಾಯುವ ಬದುಕೇ ಬೇರೆ. ಅಲ್ಲಿ ಆಯ್ಕೆ ಇಲ್ಲ, ರಜೆ ಇಲ್ಲ, ಮುಗಿಯುವ ದಿನಾಂಕವೂ ಇಲ್ಲ. ಹಗುರವಾದ ಪಾಲನೆ ಮುದುಕರ ಮನಸ್ಸನ್ನು ಅರಳಿಸುತ್ತದೆ, ಬೇರೆ ದಾರಿಯಿಲ್ಲದೆ ಹೊತ್ತ ಪೂರ್ಣಾವಧಿಯ ಪಾಲನೆ ಅದನ್ನು ಬಸವಳಿಸುತ್ತದೆ ಎಂಬುದನ್ನೇ ಬೇರೆಬೇರೆ ದೇಶಗಳ ಅಧ್ಯಯನಗಳೂ ಒಟ್ಟಿನಲ್ಲಿ ಕಂಡುಕೊಂಡಿವೆ. ಅದಕ್ಕೆ ಅಧ್ಯಯನವೇ ಬೇಕೆಂದಿಲ್ಲ. ಐವತ್ತೆಂಟರಲ್ಲಿ ಸಕ್ಕರೆ ಕಾಯಿಲೆ ಹಿಡಿದು, ಅರುವತ್ತೆರಡರಲ್ಲಿ ಮೂರು ವರ್ಷದ ಮಗುವಿನ ಹಿಂದೆ ಓಡುವ ಯಾವ ಅಜ್ಜಿಯನ್ನು ಕೇಳಿದರೂ ಇದನ್ನೇ ಹೇಳಿಯಾಳು. ಆದರೆ ಕೇಳುವವರು ಯಾರು?

ಇಂಥ ಅಜ್ಜಿ ಒಂದು ದಿನ, ನನ್ನಿಂದ ಆಗುತ್ತಿಲ್ಲ ಎಂದುಬಿಟ್ಟರೆ ಸುತ್ತಲಿನವರಿಂದ ಸಿಗುವ ಉತ್ತರ ಸಿದ್ಧವಾಗಿಯೇ ಇದೆ: ಸಬ್ರ್ ಮಾಡಿ, ದೊಡ್ಡ ಪುಣ್ಯ ಸಿಗುತ್ತದೆ. ಪುಣ್ಯದ ವಿಷಯದಲ್ಲಿ ನಮಗೆ ತಕರಾರಿಲ್ಲ. ಆದರೆ ಸಹನೆ ಎಂಬ ಪದವನ್ನು ಇನ್ನೊಬ್ಬರ ಬಾಯಿ ಮುಚ್ಚಿಸಲು ಬಳಸುವುದು ಸರಿಯೇ? ಮಗಳ ಮಗು ಪ್ರಾಣ ಬಿಡುತ್ತಿದ್ದಾಗ ಅದನ್ನು ಮಡಿಲಲ್ಲಿಟ್ಟುಕೊಂಡ ಪ್ರವಾದಿ(ಸ)ರ ಕಣ್ಣುಗಳು ತುಂಬಿ ಬಂದವು. ಜೊತೆಗಿದ್ದ ಸಅದ್ ಬಿನ್ ಉಬಾದ(ರ) ಅಚ್ಚರಿಯಿಂದ ಪ್ರಶ್ನಿಸಿದಾಗ ಅವರು ಅದನ್ನು ಅಲ್ಲಾಹನು ಹೃದಯಗಳಲ್ಲಿಟ್ಟ ಕಾರುಣ್ಯವೆಂದು ವಿವರಿಸಿದರೇ ಹೊರತು ದೌರ್ಬಲ್ಯವೆಂದು ನಾಚಲಿಲ್ಲ. ಒಬ್ಬ ಅಜ್ಜನ ಕಣ್ಣೀರು ಅದು. ಸಹನೆಯನ್ನು ಜಗತ್ತಿಗೆ ಕಲಿಸಿದವರ ಕಣ್ಣೀರು. ಹೀಗಿರುವಾಗ ನಮ್ಮ ಮನೆಯ ಅಜ್ಜಿ ಅತ್ತರೆ ಅವಳ ಈಮಾನನ್ನು ಅಳೆಯಲು ನಾವು ಯಾರು?

ನೆನಪಿಡಬೇಕಾದ ಇನ್ನೊಂದು ಅಂಶವಿದೆ. ಮೊಮ್ಮಕ್ಕಳನ್ನು ಸಾಕುವ ಹೆಚ್ಚಿನ ಹಿರಿಯರು ಆ ಹೊಣೆಯನ್ನು ಒಂದು ದುಃಖದ ಜೊತೆಗೇ ಪಡೆದವರು. ಮಗನ ಸಾವು, ಮಗಳ ಮುರಿದ ಸಂಸಾರ, ಸೊಸೆಯೊಂದಿಗಿನ ಮನಸ್ತಾಪ. ದುಃಖಿಸಲು ಅವರಿಗೆ ಸಮಯವನ್ನೇ ಕೊಟ್ಟಿಲ್ಲ. ಮಗನ ಮಯ್ಯಿತ್ ಎತ್ತಿದ ಮರುದಿನವೇ ಮೊಮ್ಮಕ್ಕಳಿಗೆ ಹಾಲು ಕಾಯಿಸಬೇಕಾಯಿತು. ಅಂದು ಅಳದೆ ನುಂಗಿದ್ದು ಎರಡು ವರ್ಷ ಕಳೆದ ಮೇಲೆ ನಿದ್ದೆ ಬಾರದ ರಾತ್ರಿಗಳಾಗಿ ಹೊರಬರುತ್ತದೆ.

ಮುಪ್ಪಿನಲ್ಲಿ ಮನಸ್ಸಿನ ಕಾಯಿಲೆ ಮನಸ್ಸಿನ ಭಾಷೆಯಲ್ಲಿ ಮಾತನಾಡುವುದು ಕಡಿಮೆ. ಅದು ಶರೀರದ ಭಾಷೆಯಲ್ಲಿ ಮಾತನಾಡುತ್ತದೆ. ತಲೆಸುತ್ತು, ಎದೆಯುರಿ, ಮೈಯೆಲ್ಲ ನೋವು, ಊಟ ರುಚಿಸದಿರುವುದು, ಬೆಳಗಿನ ಮೂರು ಗಂಟೆಗೆ ಎಚ್ಚರವಾಗಿ ಮತ್ತೆ ನಿದ್ದೆ ಹತ್ತದಿರುವುದು, ಸಣ್ಣ ಮಾತಿಗೂ ಸಿಡುಕುವುದು, ಇಟ್ಟ ವಸ್ತು ಮರೆಯುವುದು. ವೈದ್ಯರ ಬಳಿ ಹೋದರೆ ಇಸಿಜಿ ಸರಿಯಿದೆ, ರಕ್ತ ಪರೀಕ್ಷೆ ಸರಿಯಿದೆ ಎನ್ನುತ್ತಾರೆ. ವಯಸ್ಸಾಯಿತಲ್ಲ ಎಂದು ಮನೆಯವರು ಸುಮ್ಮನಾಗುತ್ತಾರೆ. ಆದರೆ ಖಿನ್ನತೆಯು ವಯಸ್ಸಿನ ಸಹಜ ಭಾಗವಲ್ಲ. ಎರಡು ವಾರಕ್ಕಿಂತ ಹೆಚ್ಚು ಕಾಲ ಇಂಥ ಲಕ್ಷಣಗಳು ಮುಂದುವರಿದರೆ, ಹಿಂದೆ ಇಷ್ಟವಾಗುತ್ತಿದ್ದ ಯಾವುದೂ ಈಗ ಬೇಡವೆನಿಸಿದರೆ ಅದನ್ನು ಕಾಯಿಲೆಯೆಂದೇ ಪರಿಗಣಿಸಿ ಚಿಕಿತ್ಸೆ ಕೊಡಿಸಬೇಕು. ಕೆಲವೊಮ್ಮೆ ಥೈರಾಯ್ಡ್ ಏರುಪೇರು, ಬಿ12 ಜೀವಸತ್ವದ ಕೊರತೆಯೂ ಇದೇ ವೇಷ ಧರಿಸಿ ಬರುವುದುಂಟು. ಹಾಗಾಗಿ ಅವುಗಳ ಪರೀಕ್ಷೆಯೂ ಅಗತ್ಯ. ಮರೆವು ಬಂದಿದೆಯೆಂದು ಮನೆಯವರು ತೀರ್ಮಾನಿಸಿದ್ದ ಎಷ್ಟೋ ಹಿರಿಯರಲ್ಲಿ ಖಿನ್ನತೆಗೆ ಚಿಕಿತ್ಸೆ ಸಿಕ್ಕಿದಾಗ ನೆನಪೂ ಚುರುಕಾಗುತ್ತದೆ.

ಎಲ್ಲಕ್ಕಿಂತ ಹೆಚ್ಚಾಗಿ ಕಿವಿಗೊಡಬೇಕಾದ ಒಂದು ವಾಕ್ಯವಿದೆ. ಅಲ್ಲಾಹನು ಬೇಗ ಕರೆದುಕೊಳ್ಳಲಿ ಎಂಬ ವಾಕ್ಯ. ನಮ್ಮ ಮನೆಗಳಲ್ಲಿ ಇದನ್ನು ಹಿರಿಯರ ವಾಡಿಕೆಯ ಮಾತೆಂದು ತಳ್ಳಿಹಾಕುತ್ತೇವೆ. ಸಾವನ್ನು ಬಯಸಬಾರದೆಂಬ ಹದೀಸನ್ನು ನೆನಪಿಸಿ ಸುಮ್ಮನಾಗಿಸುವುದೂ ಸುಲಭ. ಆ ಮಾತು ಭಕ್ತಿಯಿಂದ ಬಂತೋ ಬಳಲಿಕೆಯಿಂದ ಬಂತೋ ಎಂದು ಪಕ್ಕದಲ್ಲಿ ಕುಳಿತು ಕೇಳುವವರು ಎಷ್ಟು ಮಂದಿ? ಕೇಳಿದರೆ ಹಾನಿಯಿಲ್ಲ. ಕೇಳಿದ್ದರಿಂದ ಆ ಯೋಚನೆ ಬಲವಾಗುತ್ತದೆ ಎಂಬುದು ಸುಳ್ಳು ಭಯ.

ಇನ್ನು ಈ ಮನೆಗಳ ನಿಜವಾದ ಬೇನೆಗೆ ಬರೋಣ. ಕೆಲಸ ಹೆಚ್ಚಾದುದರಿಂದಷ್ಟೇ ಯಾರೂ ಕುಗ್ಗಿ ಹೋಗುವುದಿಲ್ಲ. ನಮ್ಮ ಅಜ್ಜಿಯಂದಿರು ಹತ್ತು ಮಕ್ಕಳನ್ನು ಹೆತ್ತು, ಬಾವಿಯಿಂದ ನೀರು ಸೇದಿ ಬದುಕಿದವರು. ಅವರನ್ನು ಕುಗ್ಗಿಸುತ್ತಿರುವುದು ಅಧಿಕಾರವಿಲ್ಲದ ಹೊಣೆ. ಮಗುವನ್ನು ಯಾವ ಶಾಲೆಗೆ ಸೇರಿಸಬೇಕೆಂದು ನಿರ್ಧರಿಸುವವರು ರಿಯಾದ್‍ನಲ್ಲಿದ್ದಾರೆ. ಮೊಬೈಲ್ ಕೊಡಿಸಿದವರೂ ಅವರೇ. ಪಿಯುಸಿ ಹುಡುಗನಿಗೆ ಬೈಕ್ ತೆಗೆಸಿಕೊಟ್ಟವರೂ ಅವರೇ. ಆದರೆ ಆ ಹುಡುಗ ರಾತ್ರಿ ಹನ್ನೊಂದಕ್ಕೆ ಮನೆ ಸೇರಿದರೆ, ನೋಡಿಕೊಳ್ಳಲು ಆಗುವುದಿಲ್ಲವೇ ಎಂದು ಪ್ರಶ್ನಿಸಲ್ಪಡುವುದು ಅಜ್ಜ. ಅಜ್ಜ ಗದರಿದರೆ ಹುಡುಗ ಒಂದು ಧ್ವನಿ ಸಂದೇಶ ಕಳುಹಿಸುತ್ತಾನೆ. ಹತ್ತು ನಿಮಿಷದೊಳಗೆ ವಿದೇಶದಿಂದ ಕರೆ ಬರುತ್ತದೆ: ಅವನಿಗೆ ಬೈಯಬೇಡಿ, ತಂದೆ ಹತ್ತಿರವಿಲ್ಲದ ಮಗು. ಅಂದಿನಿಂದ ಆ ಹುಡುಗ ಅಜ್ಜನ ಮಾತು ಕೇಳುವುದನ್ನು ಬಿಡುತ್ತಾನೆ. ತಪ್ಪು ಹುಡುಗನದಷ್ಟೇ ಅಲ್ಲ. ತನ್ನ ತಂದೆಯ ಮಾತಿಗೆ ಬೆಲೆಯಿಲ್ಲವೆಂದು ಮಗನಿಗೆ ಕಲಿಸಿಕೊಟ್ಟವರು ಯಾರು?

ಹಣದ ವಿಷಯವೂ ಹಾಗೆಯೇ. ತಿಂಗಳ ಹಣ ಬರುತ್ತದೆ ನಿಜ. ಆದರೆ ಬಹಳಷ್ಟು ಮನೆಗಳಲ್ಲಿ ಅದು ಬರುವುದು ಚಿಕ್ಕ ಮಗನ ಅಥವಾ ಸೋದರಳಿಯನ ಖಾತೆಗೆ. ಅಜ್ಜಿ ತನ್ನ ಮಾತ್ರೆಗೂ ಅವರ ಮುಂದೆ ಕೈಚಾಚಬೇಕು. ಮೊಮ್ಮಕ್ಕಳ ಹೆಸರಿನಲ್ಲಿ ಬಂದ ಹಣದಲ್ಲಿ ತನಗೊಂದು ಕನ್ನಡಕ ಮಾಡಿಸಿಕೊಳ್ಳಲು ಹಿಂಜರಿಯುವ ಹಿರಿಯರನ್ನು ನಾವು ಬಲ್ಲೆವು.

ಈ ಪ್ರಶ್ನೆಯನ್ನು ಇಸ್ಲಾಮಿನ ಇತಿಹಾಸದ ಆರಂಭ ಕಾಲದಲ್ಲೇ ಒಬ್ಬ ಅಜ್ಜಿ ನ್ಯಾಯಪೀಠದ ಮುಂದಿಟ್ಟಿದ್ದಳು. ಉಮರ್(ರ)ರವರು ಅನ್ಸಾರ್ ಪತ್ನಿಯಿಂದ ಬೇರ್ಪಟ್ಟಿದ್ದರು. ಅವರ ಮಗ ಆಸಿಮ್, ತಾಯಿಯ ತಾಯಿಯ ಆಸರೆಯಲ್ಲಿದ್ದ. ಒಂದು ದಿನ ಕುಬಾದ ಮಸೀದಿಯ ಅಂಗಳದಲ್ಲಿ ಆಟವಾಡುತ್ತಿದ್ದ ಮಗನನ್ನು ಕಂಡ ಉಮರ್(ರ) ಅವನ ತೋಳು ಹಿಡಿದು ಎತ್ತಿ ತಮ್ಮ ಸವಾರಿಯ ಮೇಲೆ ಕೂರಿಸಿಕೊಂಡರು. ಅಜ್ಜಿ ಬೆನ್ನಟ್ಟಿ ಬಂದು ತಡೆದಳು. ವಿವಾದ ಖಲೀಫ ಅಬೂಬಕರ್(ರ)ರ ಬಳಿಗೆ ಹೋಯಿತು. ಮಗುವನ್ನು ಅಜ್ಜಿಯ ಬಳಿಯೇ ಬಿಡಬೇಕೆಂದು ಅವರು ತೀರ್ಪಿತ್ತರು. ಉಮರ್(ರ) ಎದುರು ಮಾತಾಡಲಿಲ್ಲ. ಇಮಾಮ್ ಮಾಲಿಕರ ಮುವತ್ತಾದಲ್ಲಿ ಈ ಪ್ರಸಂಗ ದಾಖಲಾಗಿದೆ. ಮುಪ್ಪಿನ ಹೆಂಗಸಿಗೆ ಏನು ತಿಳಿಯುತ್ತದೆ ಎಂದು ಅಂದು ಯಾರೂ ಕೇಳಲಿಲ್ಲ. ಎದುರು ನಿಂತಿದ್ದ ವ್ಯಕ್ತಿ ಯಾರೆಂಬುದನ್ನು ಗಮನಿಸಿದರೆ ಈ ತೀರ್ಪಿನ ತೂಕ ಗೊತ್ತಾಗುತ್ತದೆ.

ನಮ್ಮ ನಾಡಿನಲ್ಲಿ ಪ್ರಚಲಿತವಿರುವ ಶಾಫಿಈ ಮತ್ತು ಹನಫೀ ಮದ್‍ಹಬ್‍ಗಳೆರಡೂ ಮಗುವಿನ ಪಾಲನೆಯ ಹಕ್ಕನ್ನು ತಾಯಿಯ ಅನಂತರ ತಾಯಿಯ ತಾಯಿಗೆ ಕೊಡುತ್ತವೆ. ಗಮನಿಸಿ, ಅದನ್ನು ಹಕ್ಕು ಎಂದೇ ಕರೆಯಲಾಗಿದೆ. ಜೊತೆಗೆ ಮಗುವಿನ ಖರ್ಚನ್ನು ತಂದೆಯ ಮೇಲೆಯೇ ಉಳಿಸಲಾಗಿದೆ. ಅಂದರೆ ಸಾಕುವವಳು ಅಜ್ಜಿಯಾದರೂ ಕೊಡಬೇಕಾದವನು ತಂದೆ. ಮರುಮದುವೆಯಾಗಿ ಹೊಸ ಸಂಸಾರ ಕಟ್ಟಿಕೊಂಡು, ಹಿಂದಿನ ಮಗುವಿನ ಶಾಲಾ ಶುಲ್ಕವನ್ನು ನಾನಾನ ಪಿಂಚಣಿಯಿಂದ ಕಟ್ಟಿಸುವ ತಂದೆಯಂದಿರು ನಮ್ಮ ಜಮಾಅತ್‍ಗಳಲ್ಲಿ ಇಲ್ಲವೇ? ಮದುವೆಯ ನೋಂದಣಿ ಪುಸ್ತಕವನ್ನು ಅಚ್ಚುಕಟ್ಟಾಗಿ ಇಟ್ಟಿರುವ ಜಮಾಅತ್ ಸಮಿತಿಗಳು ಎರಡನೆಯ ನಿಕಾಹ್‍ಗೆ ಸಹಿ ಹಾಕುವ ಮೊದಲು ಮೊದಲನೆಯ ಮಗುವಿನ ಖರ್ಚಿನ ಲೆಕ್ಕ ಕೇಳಿದರೆ ಅದೇನೂ ಅತಿಯಾಗದು.

ಹಾಗಂತ ಗಲ್ಫಿನಲ್ಲಿ ದುಡಿಯುತ್ತಿರುವ ಮಕ್ಕಳನ್ನು ಕಟಕಟೆಯಲ್ಲಿ ನಿಲ್ಲಿಸುವುದು ನಮ್ಮ ಉದ್ದೇಶವಲ್ಲ. ಅವರಿಗೂ ಆಯ್ಕೆ ಕಡಿಮೆ. ಯುಎಇಯಲ್ಲಿ ಕುಟುಂಬವನ್ನು ಕರೆಸಿಕೊಳ್ಳಬೇಕಾದರೆ 4,000 ದಿರ್ಹಮ್ ಸಂಬಳ ಅಥವಾ 3,000 ದಿರ್ಹಮಿನ ಜೊತೆಗೆ ವಸತಿ ಇರಬೇಕು. ಸೌದಿ ಅರೇಬಿಯವು 2017ರ ಜುಲೈಯಲ್ಲಿ ವಿದೇಶಿ ನೌಕರರ ಪ್ರತಿ ಅವಲಂಬಿತ ಸದಸ್ಯನಿಗೆ ತಿಂಗಳಿಗೆ 100 ರಿಯಾಲ್ ಶುಲ್ಕ ವಿಧಿಸಿತು. ವರ್ಷಕ್ಕೆ ನೂರರಂತೆ ಏರಿ 2020ರಲ್ಲಿ ಅದು 400 ರಿಯಾಲ್ ಆಯಿತು. ಪತ್ನಿ ಮತ್ತು ಮೂವರು ಮಕ್ಕಳಿದ್ದರೆ ತಿಂಗಳಿಗೆ 1,600 ರಿಯಾಲ್. ಅಂಗಡಿಯಲ್ಲಿ ದುಡಿಯುವವನಿಗೆ ಅದು ಸಂಬಳದ ದೊಡ್ಡ ಭಾಗ. ಆಗ ಎಷ್ಟೋ ಮಕ್ಕಳು ವರ್ಷದ ನಡುವೆಯೇ ಊರಿನ ಶಾಲೆಗಳಿಗೆ ಬಂದು ಸೇರಿದರು. ಅರಬಿ ಮತ್ತು ಇಂಗ್ಲಿಷ್ ಬೆರೆತ ಮಾತನಾಡುವ, ಸೆಖೆ ತಡೆಯಲಾರದ, ಹಿತ್ತಿಲಿನ ಹುಳಕ್ಕೆ ಹೆದರುವ ಮೊಮ್ಮಕ್ಕಳನ್ನು ಹಿಡಿದು ಅಜ್ಜ-ಅಜ್ಜಿ ತಬ್ಬಿಬ್ಬಾದರು. ಮಕ್ಕಳೂ ಅಷ್ಟೇ ತಬ್ಬಿಬ್ಬಾಗಿದ್ದರು ಎಂಬುದನ್ನು ಮರೆಯುವಂತಿಲ್ಲ. ತಂದೆ-ತಾಯಿಯಿಂದ ಬೇರ್ಪಟ್ಟ ಮಗು ತನ್ನ ಸಿಟ್ಟನ್ನು ತೋರಿಸುವುದು ಹತ್ತಿರವಿರುವವರ ಮೇಲೆ. ಆ ಸಿಟ್ಟು ತಮ್ಮ ಮೇಲಿನ ದ್ವೇಷವಲ್ಲ ಎಂದು ಅಜ್ಜಿಗೆ ಯಾರಾದರೂ ಹೇಳಿಕೊಟ್ಟಿದ್ದರೆ ಎಷ್ಟೋ ಕಣ್ಣೀರು ಉಳಿಯುತ್ತಿತ್ತು.

ವಿದೇಶದಲ್ಲಿರುವ ಮಕ್ಕಳಿಂದ ನಾವು ನಿರೀಕ್ಷಿಸುವುದು ದೊಡ್ಡ ತ್ಯಾಗವನ್ನಲ್ಲ. ಹಣವನ್ನು ಸಾಕುವವರ ಖಾತೆಗೇ ಕಳುಹಿಸಿ. ಮೊಮ್ಮಗನ ಮುಂದೆ ಅಜ್ಜನ ತೀರ್ಮಾನವನ್ನು ತಿದ್ದಬೇಡಿ, ತಿದ್ದಲೇಬೇಕಾದರೆ ಅಜ್ಜನೊಬ್ಬನೇ ಇರುವಾಗ ಮಾತಾಡಿ. ಕರೆ ಮಾಡಿದಾಗ ಮೊದಲು ಮಗುವಿನ ಅಂಕ ಕೇಳುವ ಬದಲು ತಾಯಿಗೆ ನಿನ್ನೆ ನಿದ್ದೆ ಬಂತೇ ಎಂದು ಕೇಳಿ. ರಜೆಯಲ್ಲಿ ಊರಿಗೆ ಬಂದ ತಿಂಗಳು ಅವರಿಗೂ ರಜೆಯಾಗಲಿ. ನಮ್ಮಲ್ಲಿ ನಡೆಯುವುದು ಇದರ ವಿರುದ್ಧ. ಮಗ ಬಂದನೆಂದು ಅಜ್ಜಿ ಆ ತಿಂಗಳು ಎರಡು ಪಾಲು ಅಡುಗೆ ಮಾಡುತ್ತಾಳೆ. ಊರಿನಲ್ಲೇ ಇರುವ ಉಳಿದ ಮಕ್ಕಳ ಪಾಲೂ ಇದೆ. ವಾರಕ್ಕೊಂದು ಇಡೀ ದಿನ ಚಿಕ್ಕಮ್ಮನೋ ಮಾವನೋ ಮಕ್ಕಳನ್ನು ಕರೆದೊಯ್ದರೆ ಸಾಕು, ಆ ಒಂದು ದಿನ ಔಷಧಿಗಿಂತ ಹೆಚ್ಚು ಕೆಲಸ ಮಾಡುತ್ತದೆ.

ಅನಾಥ ಮೊಮ್ಮಕ್ಕಳನ್ನು ಸಾಕುವ ಹಿರಿಯರ ನಿದ್ದೆ ಕೆಡಿಸುವ ಭಯ ಇನ್ನೊಂದಿದೆ. ನಾನು ಹೋದ ಮೇಲೆ ಈ ಮಕ್ಕಳ ಗತಿಯೇನು? ಇದಕ್ಕೆ ಸಾಂತ್ವನದ ಮಾತು ಪರಿಹಾರವಲ್ಲ. ಪ್ರವಾದಿ(ಸ)ರೇ ಅಜ್ಜನ ಆಸರೆಯಲ್ಲಿ ಬೆಳೆದವರು. ಆರನೆಯ ವಯಸ್ಸಿನಲ್ಲಿ ಅಬ್‍ವಾದಲ್ಲಿ ತಾಯಿ ಆಮಿನಾ ತೀರಿಕೊಂಡ ಮೇಲೆ ಉಮ್ಮು ಐಮನ್(ರ) ಅವರನ್ನು ಮಕ್ಕಾಕ್ಕೆ ತಂದು ಅಬ್ದುಲ್ ಮುತ್ತಲಿಬರ ಕೈಗೊಪ್ಪಿಸಿದರು. ಕಅಬಾದ ನೆರಳಿನಲ್ಲಿ ಅಜ್ಜನಿಗೆಂದು ಹಾಸುತ್ತಿದ್ದ ಹಾಸಿನ ಮೇಲೆ ಸ್ವಂತ ಮಕ್ಕಳೇ ಕೂರುತ್ತಿರಲಿಲ್ಲ. ಆ ಮೊಮ್ಮಗ ಬಂದು ಕೂರುತ್ತಿದ್ದ. ಈ ಪ್ರೀತಿಯನ್ನು ನಾವು ಭಾಷಣಗಳಲ್ಲಿ ಬಹಳ ಕೇಳಿದ್ದೇವೆ. ಆದರೆ ಆ ವೃದ್ಧರು ಮಾಡಿದ ಇನ್ನೊಂದು ಕೆಲಸದ ಬಗ್ಗೆ ಕೇಳಿದ್ದು ಕಡಿಮೆ. ತಾನು ಹೆಚ್ಚು ದಿನ ಇರಲಾರೆನೆಂದು ಅರಿತು, ಮೊಮ್ಮಗನ ಹೊಣೆಯನ್ನು ಮಗ ಅಬೂತಾಲಿಬರಿಗೆ ಸ್ಪಷ್ಟವಾಗಿ ಒಪ್ಪಿಸಿದ ನಂತರವೇ ಅವರು ಕಣ್ಣು ಮುಚ್ಚಿದರು. ಆಗ ಬಾಲಕನಿಗೆ ಎಂಟು ವರ್ಷ.

ನಮ್ಮ ಕುಟುಂಬಗಳಲ್ಲಿ ಈ ಮಾತುಕತೆ ನಡೆಯುವುದೇ ಇಲ್ಲ. ಅಪಶಕುನವೆಂಬಂತೆ ಎಲ್ಲರೂ ಅದನ್ನು ಮುಂದೂಡುತ್ತಾರೆ. ಪರಿಣಾಮವಾಗಿ ಅತ್ಯಂತ ಕಠಿಣವಾದ ಒಂದು ಸತ್ಯವನ್ನು ಅಜ್ಜ ಒಬ್ಬನೇ ಎದೆಯಲ್ಲಿಟ್ಟುಕೊಂಡು ತಿರುಗುತ್ತಾನೆ. ಮೃತ ಮಗನ ಸೋದರರು ಜೀವಂತವಿದ್ದರೆ ಆ ಮಗನ ಮಕ್ಕಳಿಗೆ ಅಜ್ಜನ ಆಸ್ತಿಯಲ್ಲಿ ವಾರಸುಪಾಲು ಬರುವುದಿಲ್ಲ. ಮಕ್ಕಳು ಬದುಕಿರುವಾಗ ಮೃತ ಮಗಳ ಮಕ್ಕಳಿಗೂ ಬರುವುದಿಲ್ಲ. ಯಾವ ಮನೆಯಲ್ಲಿ ಬೆಳೆದರೋ ಆ ಮನೆಯಿಂದಲೇ ಅವರು ಹೊರಬೀಳಬಹುದು. ಆದರೆ ಶರೀಅತ್ ಈ ಬಾಗಿಲನ್ನು ಮುಚ್ಚಿ ಕೈಕಟ್ಟಿ ನಿಂತಿಲ್ಲ. ವಾರಸುದಾರರಲ್ಲದವರಿಗೆ ಆಸ್ತಿಯ ಮೂರನೆಯ ಒಂದು ಭಾಗದವರೆಗೆ ವಸಿಯ್ಯತ್ ಮಾಡುವ ಅಧಿಕಾರ ಅಜ್ಜ-ಅಜ್ಜಿಯರಿಗಿದೆ. ಬದುಕಿರುವಾಗಲೇ ಹಿಬಾ ಮೂಲಕ ಕೊಡಲೂಬಹುದು. ಈಜಿಪ್ಟ್ 1946ರಲ್ಲಿ ಇಂಥ ಮೊಮ್ಮಕ್ಕಳ ಪರವಾದ ವಸಿಯ್ಯತನ್ನು ಕಾನೂನಿನ ಮೂಲಕ ಕಡ್ಡಾಯಗೊಳಿಸಿತು. ಪಾಕಿಸ್ತಾನ 1961ರಲ್ಲಿ ಬೇರೊಂದು ದಾರಿ ಹಿಡಿದು, ಮೃತ ಮಗನ ಪಾಲನ್ನೇ ಅವನ ಮಕ್ಕಳಿಗೆ ಕೊಡಿಸಿತು. ಎರಡನೆಯದರ ಬಗ್ಗೆ ಉಲಮಾಗಳಲ್ಲಿ ತೀವ್ರ ಭಿನ್ನಮತವಿದೆ. ನಮಗೆ ಆ ಚರ್ಚೆ ಇಲ್ಲಿ ಅಗತ್ಯವಿಲ್ಲ. ವಸಿಯ್ಯತ್‍ಗೆ ಯಾವ ಸರಕಾರದ ಅಪ್ಪಣೆಯೂ ಬೇಡ. ಒಂದು ಕಾಗದ, ಇಬ್ಬರು ಸಾಕ್ಷಿಗಳು, ಒಂದು ಸಂಜೆ ಸಾಕು. ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ವಿವಾದ ಕಡಿಮೆ. ಆ ಕಾಗದಕ್ಕೆ ಸಹಿ ಬಿದ್ದ ರಾತ್ರಿ ಎಷ್ಟು ಅಜ್ಜಂದಿರು ಬಹಳ ದಿನಗಳ ಮೇಲೆ ನಿದ್ದೆ ಮಾಡಿಯಾರು ಎಂದು ನಮ್ಮ ಖತೀಬರುಗಳು ಒಮ್ಮೆ ಯೋಚಿಸಬೇಕು. ವಸಿಯ್ಯತ್‍ನ ಮಹತ್ವದ ಕುರಿತು ಜುಮಾ ಖುತ್ಬಾ ಕೇಳಿದ ನೆನಪು ನಿಮಗಿದೆಯೇ?

ಸರಕಾರದ ಕಡೆಗೆ ತಿರುಗಿದರೆ ಅಲ್ಲಿ ವಿಚಿತ್ರವಾದ ಒಂದು ಕುರುಡು ಕಾಣಿಸುತ್ತದೆ. ನಮ್ಮಲ್ಲಿ ವೃದ್ಧರಿಗಾಗಿ ಕಾನೂನಿದೆ, ಮಕ್ಕಳಿಗಾಗಿ ಯೋಜನೆಯಿದೆ. ಮಗುವನ್ನು ಸಾಕುವ ವೃದ್ಧರು ಎಂಬ ವರ್ಗ ಮಾತ್ರ ಯಾವ ಕಡತದಲ್ಲೂ ಇಲ್ಲ. 2007ರ ತಂದೆ-ತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆಯು ಅಜ್ಜ-ಅಜ್ಜಿಯರನ್ನು ಹೆಸರಿಸಿ ಅವರಿಗೆ ಜೀವನಾಂಶ ಕೇಳುವ ಹಕ್ಕನ್ನು ಕೊಡುತ್ತದೆ. ವಿದೇಶದಲ್ಲಿರುವ ಭಾರತೀಯ ಪೌರರಿಗೂ ಆ ಕಾಯ್ದೆ ಅನ್ವಯಿಸುತ್ತದೆ. ಕರ್ನಾಟಕದಲ್ಲಿ ಉಪವಿಭಾಗಾಧಿಕಾರಿಯ ಮುಂದೆ ಅರ್ಜಿ ಕೊಡಬಹುದು. ಆದರೆ ಆ ಕಾಯ್ದೆಯ ಕಣ್ಣಿನಲ್ಲಿ ವೃದ್ಧರೆಂದರೆ ಪಡೆಯುವವರು ಮಾತ್ರ. ಪಡೆಯದೆ ಕೊಡುತ್ತಲೇ ಇರುವ ವೃದ್ಧರನ್ನು ಅದು ಕಲ್ಪಿಸಿಕೊಂಡೇ ಇಲ್ಲ. ರಾಷ್ಟ್ರೀಯ ವೃದ್ಧಾಪ್ಯ ವೇತನದಲ್ಲಿ 60ರಿಂದ 79 ವರ್ಷದವರಿಗೆ ಕೇಂದ್ರದ ಪಾಲು ತಿಂಗಳಿಗೆ 200 ರೂಪಾಯಿ. ಎಷ್ಟೋ ವರ್ಷಗಳಿಂದ ಅದು ಅಲ್ಲೇ ನಿಂತಿದೆ. ರಾಜ್ಯ ತನ್ನ ಪಾಲು ಸೇರಿಸಿದರೂ ಆ ಮೊತ್ತದಲ್ಲಿ ಇಬ್ಬರು ಶಾಲಾಮಕ್ಕಳ ಹೊಟ್ಟೆ ತುಂಬುವುದು ಹೇಗೆ?

ಇರುವ ಸವಲತ್ತೂ ಬಹುಪಾಲು ಕುಟುಂಬಗಳಿಗೆ ಗೊತ್ತಿಲ್ಲ. ಕೇಂದ್ರದ ಮಿಷನ್ ವಾತ್ಸಲ್ಯದ 2022ರ ಮಾರ್ಗಸೂಚಿಯ ಪ್ರಕಾರ, ಅನಾಥರಾಗಿ ಬಂಧುಗಳ ಆಸರೆಯಲ್ಲಿರುವ ಮಕ್ಕಳಿಗೆ ಮತ್ತು ತಾಯಿ ವಿಧವೆ ಅಥವಾ ವಿಚ್ಛೇದಿತೆಯಾಗಿರುವ ಮಕ್ಕಳಿಗೆ ತಿಂಗಳಿಗೆ 4,000 ರೂಪಾಯಿಯ ಪ್ರಾಯೋಜಕತ್ವ ದೊರೆಯಬಹುದು. ಕುಟುಂಬದ ವಾರ್ಷಿಕ ಆದಾಯ ಗ್ರಾಮೀಣ ಪ್ರದೇಶದಲ್ಲಿ 72,000, ಪಟ್ಟಣಗಳಲ್ಲಿ 96,000 ರೂಪಾಯಿ ಮೀರಿರಬಾರದು. ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಅರ್ಜಿ ಹಾಕಬೇಕು, ಅಲ್ಲಿಂದ ಅದು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹೋಗುತ್ತದೆ. ಅರುವತ್ತೈದರ ಅಜ್ಜಿ ಈ ಕಚೇರಿಗಳನ್ನು ಸುತ್ತಲು ಸಾಧ್ಯವೇ? ನಮ್ಮ ಯುವಕರ ಸಂಘಟನೆಗಳಿಗೆ ರಕ್ತದಾನದ ಶಿಬಿರದಷ್ಟೇ ಪುಣ್ಯದ ಕೆಲಸ ಇಲ್ಲಿ ಬಿದ್ದಿದೆ. ಅದಕ್ಕೆ ಫ್ಲೆಕ್ಸ್ ಹಾಕಿಸುವ ಅಗತ್ಯವೂ ಇಲ್ಲ.

ಚಿಕಿತ್ಸೆಯ ವಿಷಯದಲ್ಲಿ ನಮ್ಮ ಸಮುದಾಯ ಇನ್ನೂ ದೂರದ ದಾರಿ ಸುತ್ತುತ್ತಿದೆ. ಅಜ್ಜಿ ಮಂಕಾಗಿ ಕುಳಿತರೆ ಕಣ್ಣು ಬಿದ್ದಿದೆ ಎನ್ನುವವರಿದ್ದಾರೆ, ಮಾಟ ಎನ್ನುವವರಿದ್ದಾರೆ. ಮಂತ್ರಿಸಿದ ನೀರು, ತಾಯತ, ಒಂದೂರಿನಿಂದ ಇನ್ನೊಂದೂರಿಗೆ ಅಲೆದಾಟ. ಆರು ತಿಂಗಳು ಮತ್ತು ಸಾವಿರಾರು ರೂಪಾಯಿ ಹೋದ ಮೇಲೆ ವೈದ್ಯರ ನೆನಪಾಗುತ್ತದೆ. ಕುರ್‍ಆನ್ ಪಾರಾಯಣದಿಂದ ಮನಸ್ಸಿಗೆ ಸಿಗುವ ನೆಮ್ಮದಿಯನ್ನು ನಾವು ಬಲ್ಲೆವು. ಆದರೆ ಕಾಯಿಲೆಗೆ ಚಿಕಿತ್ಸೆ ಪಡೆಯಿರಿ ಎಂದು ಬೋಧಿಸಿದವರೂ ಪ್ರವಾದಿ(ಸ)ರೇ. ಅವರು ಶರೀರದ ಕಾಯಿಲೆ, ಮನಸ್ಸಿನ ಕಾಯಿಲೆ ಎಂದು ಗೆರೆ ಎಳೆಯಲಿಲ್ಲ.

ಇದಕ್ಕಿಂತ ಅಪಾಯಕಾರಿಯಾದುದು ಔಷಧದಂಗಡಿಯಿಂದ ನೇರವಾಗಿ ತರಿಸುವ ನಿದ್ದೆ ಮಾತ್ರೆ. ಮುಪ್ಪಿನಲ್ಲಿ ಅದು ನಡಿಗೆಯ ಹಿಡಿತ ತಪ್ಪಿಸುತ್ತದೆ, ರಾತ್ರಿ ಬಚ್ಚಲಿಗೆ ಎದ್ದವರು ಬಿದ್ದು ಸೊಂಟದ ಮೂಳೆ ಮುರಿದುಕೊಳ್ಳುತ್ತಾರೆ, ಮರೆವು ಹೆಚ್ಚುತ್ತದೆ, ಬಿಡಲಾಗದ ಚಟವೂ ಆಗುತ್ತದೆ. ಖಿನ್ನತೆಗೆ ವೈದ್ಯರು ಬರೆದುಕೊಡುವ ಔಷಧಿ ಬೇರೆ. ಅದರ ಗುಣ ಕಾಣಿಸಲು ಎರಡರಿಂದ ನಾಲ್ಕು ವಾರ, ಹಿರಿಯರಲ್ಲಿ ಕೆಲವೊಮ್ಮೆ ಇನ್ನೂ ಹೆಚ್ಚು ಸಮಯ ಹಿಡಿಯುತ್ತದೆ. ಮೊದಲ ವಾರದಲ್ಲೇ ಏನೂ ಆಗಲಿಲ್ಲವೆಂದು ನಿಲ್ಲಿಸುವುದು, ತುಸು ಹುಷಾರಾದ ಕೂಡಲೇ ಬಿಡುವುದು ಎರಡೂ ಸರಿಯಲ್ಲ. ಎಲ್ಲರಿಗೂ ಔಷಧಿಯೇ ಬೇಕೆಂದೂ ಇಲ್ಲ. ಆಪ್ತ ಸಮಾಲೋಚಕರ ಮುಂದೆ ನಾಲ್ಕಾರು ಸಲ ಕುಳಿತು ಮಾತಾಡಿ ಹಗುರಾಗುವವರೂ ಬಹಳ.

ಇದಕ್ಕಾಗಿ ದೊಡ್ಡ ನಗರಕ್ಕೆ ಹೋಗಬೇಕಾಗಿಲ್ಲ. ಮಾನಸಿಕ ಚಿಕಿತ್ಸೆಯನ್ನು ಜನರ ಹತ್ತಿರಕ್ಕೆ ಒಯ್ಯುವ ಪ್ರಯೋಗ ದೇಶಕ್ಕೆ ಮಾದರಿಯಾದದ್ದು ನಮ್ಮದೇ ಬಳ್ಳಾರಿ ಜಿಲ್ಲೆಯಲ್ಲಿ, ನಿಮ್ಹಾನ್ಸ್‌ನ ಮುತುವರ್ಜಿಯಲ್ಲಿ, 1980ರ ದಶಕದಲ್ಲಿ. ಅದರ ಆಧಾರದ ಮೇಲೆಯೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. ಜಿಲ್ಲಾಸ್ಪತ್ರೆಯಲ್ಲಿ ಮನೋವೈದ್ಯರು ಸಿಗುತ್ತಾರೆ. ಹೊರಗೆ ಹೋಗಲಾಗದವರಿಗೆ 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಇದೆ. 14416 ಸಂಖ್ಯೆಗೆ ಯಾವ ಹೊತ್ತಿನಲ್ಲಾದರೂ ಶುಲ್ಕವಿಲ್ಲದೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಹಿರಿಯ ನಾಗರಿಕರ ಇತರ ತೊಂದರೆಗಳಿಗೆ 14567 ಇದೆ. 2017ರ ಮಾನಸಿಕ ಆರೋಗ್ಯ ಸೇವಾ ಕಾಯ್ದೆಯ ಪ್ರಕಾರ ವಿಮಾ ಕಂಪೆನಿಗಳು ಮನಸ್ಸಿನ ಕಾಯಿಲೆಯನ್ನು ಶರೀರದ ಕಾಯಿಲೆಯಂತೆಯೇ ಪರಿಗಣಿಸಬೇಕು. ತಂದೆ-ತಾಯಿಗೆ ವಿಮೆ ಮಾಡಿಸಿರುವ ಮಕ್ಕಳು ಈ ಮಾತನ್ನು ಗಮನಿಸಲಿ.

ಕೊನೆಯದಾಗಿ ನಮ್ಮ ಮಸೀದಿಗಳ ಕುರಿತು. ಪುರುಷರಿಗೆ ಅಲ್ಲಿ ದಿನಕ್ಕೆ ಐದು ಸಲ ನಾಲ್ಕು ಮಂದಿಯ ಮುಖ ನೋಡುವ ಅವಕಾಶವಿದೆ. ಮೊಮ್ಮಕ್ಕಳನ್ನು ಸಾಕುವ ಅಜ್ಜಿಗೆ ಮನೆಯ ಗೋಡೆಗಳಷ್ಟೇ. ಹಿಂದೆ ಮದುವೆಯ ನೆಪದಲ್ಲಾದರೂ ನಾಲ್ಕು ದಿನ ಬಂಧುಗಳ ಮನೆಯಲ್ಲಿ ಇದ್ದು ಬರುತ್ತಿದ್ದಳು. ಈಗ ಮಕ್ಕಳಿಗೆ ಪರೀಕ್ಷೆಯೆಂದು ಅದೂ ತಪ್ಪಿದೆ. ಮದ್ರಸದ ಒಂದು ಕೋಣೆಯನ್ನು ತಿಂಗಳಿಗೆರಡು ಸಲ, ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ, ಮಕ್ಕಳು ಶಾಲೆಯಲ್ಲಿರುವ ಹೊತ್ತಿಗೆ, ಇಂಥ ಅಜ್ಜಿಯಂದಿರಿಗಾಗಿ ತೆರೆದಿಟ್ಟರೆ ಯಾರಿಗೂ ನಷ್ಟವಿಲ್ಲ. ಅಲ್ಲಿ ಉಪನ್ಯಾಸ ಬೇಡ. ಚಹಾ ಇರಲಿ, ರಕ್ತದೊತ್ತಡ ನೋಡುವ ಒಬ್ಬ ದಾದಿ ಇರಲಿ, ಮೊಬೈಲಿನಲ್ಲಿ ಶಾಲೆಯ ಸಂದೇಶ ತೆರೆದು ಓದುವುದನ್ನು ಕಲಿಸಿಕೊಡುವ ಒಬ್ಬಳು ಕಾಲೇಜು ಹುಡುಗಿ ಇರಲಿ. ತನ್ನಂಥವರು ಬೀದಿಗೆ ಇಬ್ಬರಿದ್ದಾರೆ ಎಂದು ಪರಸ್ಪರ ಗೊತ್ತಾದರೆ ಉಳಿದದ್ದನ್ನು ಅವರೇ ಮಾತಾಡಿಕೊಳ್ಳುತ್ತಾರೆ. ಝಕಾತ್ ಸಮಿತಿಗಳು ವಿಧವೆಯರ ಪಟ್ಟಿ, ಅನಾಥರ ಪಟ್ಟಿ ಇಟ್ಟುಕೊಂಡಿವೆ. ಈ ರಮಝಾನಿಗೆ ಮುಂಚೆ ಆ ಪುಸ್ತಕದಲ್ಲಿ ಇನ್ನೊಂದು ಪುಟ ಸೇರಲಿ: ಮೊಮ್ಮಕ್ಕಳನ್ನು ಸಾಕುತ್ತಿರುವ ಹಿರಿಯರು, ಅವರ ಮನೆಯ ವಿಳಾಸ, ಅವರನ್ನು ಕಳೆದ ಸಲ ಭೇಟಿಯಾದ ದಿನಾಂಕ.